ಹಸಿ ಹಲಗೆಗೆ ಅವಸರ ಬೇಡ: ಮರ ಒಣಗಿಸಿ ಹದ ಮಾಡುವ ಬಗೆ

ಪ್ರಶ್ನೆ: ಹಿತ್ತಲಿನ ದೊಡ್ಡ ಹಲಸಿನ ಮರ ಎರಡು ತಿಂಗಳ ಹಿಂದೆ ಗಾಳಿಗೆ ಬಿತ್ತು. ದಿಮ್ಮಿ ಹಾಗೇ ನೆಲದ ಮೇಲೆ ಮಲಗಿದೆ. ತುದಿಗಳಲ್ಲಿ ಬಿರುಕು ಕಾಣಿಸಿಕೊಂಡಿದೆ. ಒಂದೂವರೆ ಇಂಚಿನ ಹಲಗೆಗಳಾಗಿ ಸೀಳಿಸಿ ಮೇಜು ಮಾಡಿಸುವ ಆಸೆ. ಬಡಗಿ ‘ಒಂದೂವರೆ ವರ್ಷ ಒಣಗಲಿ’ ಅನ್ನುತ್ತಾರೆ. ಸಾಮಿಲ್‌ನವರು ‘ಕಿಲ್ನ್‌ಗೆ ಹಾಕಿದರೆ ಹತ್ತೇ ದಿನ’ ಅನ್ನುತ್ತಾರೆ (ಕಿಲ್ನ್ ಅಂದರೆ ಮರ ಒಣಗಿಸುವ ಬಿಸಿ ಕೋಣೆಯಂತೆ). ನಮ್ಮ ಮಾವ ‘ಮೊದಲು ನೀರಿನಲ್ಲಿ ಮುಳುಗಿಸಿಡಿ’ ಅನ್ನುತ್ತಾರೆ. ಸುಮ್ನೆ ಟೆರೇಸ್ ಮೇಲೆ ಬಿಸಿಲಿಗೆ ಹರವಿದರೆ ಸಾಲದೇ?

ಉತ್ತರ: ಮೊದಲು ಟೆರೇಸ್ ವಿಚಾರ. ದಯವಿಟ್ಟು ಬೇಡ. ಉಳಿದ ಮೂವರ ಮಾತಿನಲ್ಲೂ ಅಷ್ಟಿಷ್ಟು ನಿಜ ಇದೆ. ಆದರೆ ಹಸಿ ಹಲಗೆಯನ್ನು ಬಿಸಿಲಿಗೆ ಹರವಿದರೆ ಒಳ್ಳೆಯ ಮರ ಸೌದೆಯಾಗುತ್ತದೆ. ಯಾಕೆ ಅಂತ ಒಂದು ಸಲ ಅರ್ಥವಾದರೆ ಉಳಿದ ವಿಧಾನಗಳನ್ನು ನೀವೇ ತೂಗಿ ನೋಡಬಹುದು.

ಹಸಿ ಮರದಲ್ಲಿ ನೀರು ಎರಡು ಜಾಗದಲ್ಲಿರುತ್ತದೆ. ಮಣ್ಣಿನ ಕೊಡವನ್ನು ನೆನಪಿಸಿಕೊಳ್ಳಿ. ಕೊಡದೊಳಗೆ ತುಂಬಿದ ನೀರು ಒಂದು, ಕೊಡದ ಗೋಡೆಯೇ ಹೀರಿಕೊಂಡ ನೀರು ಇನ್ನೊಂದು. ಮರದ ಸಣ್ಣ ಸಣ್ಣ ಕೋಶಗಳೂ ಹಾಗೇ. ಒಣಗುವಾಗ ಮೊದಲು ಹೋಗುವುದು ಕೋಶದ ಟೊಳ್ಳಿನಲ್ಲಿ ತುಂಬಿದ ನೀರು. ಆಗ ಹಲಗೆ ಹಗುರವಾಗುತ್ತದೆ ಅಷ್ಟೇ, ಅಳತೆ ಬದಲಾಗುವುದಿಲ್ಲ. ತೇವಾಂಶ ಸುಮಾರು ಶೇ. 28–30ಕ್ಕೆ ಇಳಿದಾಗ ಟೊಳ್ಳು ಖಾಲಿಯಾಗಿರುತ್ತದೆ. ಅಲ್ಲಿಂದ ಕೆಳಗೆ ಕೋಶದ ಗೋಡೆಯ ನೀರು ಹೊರಡುತ್ತದೆ, ಗೋಡೆ ತೆಳ್ಳಗಾಗುತ್ತದೆ, ಮರ ಕುಗ್ಗಲು ಶುರುವಾಗುತ್ತದೆ. ಬಿರುಕು, ಸೊಟ್ಟ, ತಿರುಚು ಬಹುಪಾಲು ಈ ಕುಗ್ಗುವಿಕೆಯಿಂದಲೇ ಬರುವುದು. (ತೇವಾಂಶದ ಲೆಕ್ಕ ಯಾವಾಗಲೂ ಪೂರ್ತಿ ಒಣಗಿದ ಮರದ ತೂಕಕ್ಕೆ ಹೋಲಿಸಿ ಹೇಳುವುದು. ಹಾಗಾಗಿ ಹಸಿ ಮರದ ತೇವಾಂಶ ಶೇ. 100 ದಾಟಿದೆ ಅಂತ ಯಾರಾದರೂ ಹೇಳಿದರೆ ತಪ್ಪಲ್ಲ. ಕೆಲವು ಮೆದು ಮರಗಳಲ್ಲಿ ಮರಕ್ಕಿಂತ ನೀರೇ ಜಾಸ್ತಿ.)

ಬೇಸಿಗೆಯಲ್ಲಿ ಕೆರೆಯ ತಳ ಬಿರಿಯುವುದನ್ನು ನೋಡಿರುತ್ತೀರಲ್ವಾ? ಮೇಲಿನ ಕೆಸರು ಒಣಗಿ ಕುಗ್ಗಲು ನೋಡುತ್ತದೆ. ಕೆಳಗಿನ ಕೆಸರು ಇನ್ನೂ ಹಸಿ, ಅದು ಕುಗ್ಗುವುದಿಲ್ಲ. ಮೇಲಿನದಕ್ಕೆ ಬಿರಿಯದೆ ಬೇರೆ ದಾರಿಯಿಲ್ಲ. ಬಿಸಿಲಿಗೆ ಹಾಕಿದ ಹಲಗೆಯಲ್ಲೂ ಇದೇ ಆಗುತ್ತದೆ. ಹೊರಮೈ ಎರಡೇ ದಿನದಲ್ಲಿ ಶೇ. 15ಕ್ಕೆ ಬಂದಿರುತ್ತದೆ, ಒಳಗೆ ಇನ್ನೂ 60 ಇರುತ್ತದೆ. ಅಂದಮೇಲೆ ಮರ ಹದ ಮಾಡುವುದು ಅಂದರೆ ನೀರು ಬೇಗ ತೆಗೆಯುವ ಕೆಲಸ ಅಲ್ಲ. ಹೊರಗಿನ ಮರ ಒಳಗಿನದನ್ನು ಬಿಟ್ಟು ತುಂಬಾ ಮುಂದೆ ಓಡದಂತೆ ತಡೆಯುವ ಕೆಲಸ. ನಾನು ಯಾವ ವಿಧಾನವನ್ನು ನೋಡಿದರೂ ಮೊದಲು ಇದನ್ನೇ ಕೇಳಿಕೊಳ್ಳುತ್ತೇನೆ.

ಈಗ ನಿಮ್ಮ ದಿಮ್ಮಿಗೆ ಬರೋಣ. ತುದಿಯ ಬಿರುಕು ತುರ್ತಿನ ವಿಷಯ. ಮರದ ಕೋಶಗಳು ಉದ್ದುದ್ದ ಕೊಳವೆಗಳು, ಕತ್ತರಿಸಿದ ತುದಿಯಲ್ಲಿ ಅವುಗಳ ಬಾಯಿ ತೆರೆದಿರುತ್ತದೆ. ಅಲ್ಲಿ ನೀರು ಹಲಗೆಯ ಮೈಯಿಗಿಂತ ಹತ್ತು ಪಟ್ಟಿಗೂ ಜಾಸ್ತಿ ವೇಗವಾಗಿ ಹೋಗುತ್ತದೆ. ಆದ್ದರಿಂದ ತುದಿಯೇ ಮೊದಲು ಒಡೆಯುವುದು. ಈ ವಾರವೇ ದಿಮ್ಮಿಯ ತುದಿಯಿಂದ ಒಂದಿಂಚು ದಪ್ಪದ ಬಿಲ್ಲೆ ಕತ್ತರಿಸಿ, ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಬಿರುಕು ಇನ್ನೂ ಒಳಗೆ ಹೋಗಿದ್ದರೆ ಬಿಲ್ಲೆ ಅದರ ಗುಂಟ ಪಟ್ಟನೆ ಮುರಿಯುತ್ತದೆ. ಮುರಿಯದ ಬಿಲ್ಲೆ ಸಿಗುವ ತನಕ ಕತ್ತರಿಸುತ್ತಾ ಹೋಗಿ. ಸಿಕ್ಕ ತಕ್ಷಣ ಆ ತುದಿಗೆ ದಪ್ಪಗೆ ಕರಗಿದ ಮೇಣ ಅಥವಾ ಡಾಂಬರು ಬಳಿಯಿರಿ. ಮನೆಯಲ್ಲಿ ಹಳೆಯ ಎಣ್ಣೆ ಪೇಂಟ್ ಉಳಿದಿದ್ದರೆ ಅದನ್ನೇ ಎರಡು ಮೂರು ಕೈ ಹಚ್ಚಬಹುದು. ‘ನಾಳೆ ಬಳಿದರಾಯಿತು’ ಅನ್ನಬೇಡಿ. ಕತ್ತರಿಸಿದ ದಿನವೇ ಬಳಿಯಬೇಕು.

ದಿಮ್ಮಿಯನ್ನು ಬೇಗ ಸೀಳಿಸಿ. ಇಡೀ ದಿಮ್ಮಿ ವರ್ಷಗಟ್ಟಲೆ ಬಿದ್ದಿದ್ದರೂ ಒಳಗೆ ಒಣಗುವುದಿಲ್ಲ. ತೊಗಟೆಯ ಕೆಳಗೆ ಹುಳು ಸೇರುತ್ತದೆ, ಹೊರಗಿನ ಬಿಳಿ ಮರಕ್ಕೆ ಬೂಷ್ಟು ಹಿಡಿಯುತ್ತದೆ. ಸೀಳಿಸುವಾಗ ನಟ್ಟನಡುವಿನ ತಿರುಳು ಯಾವ ಹಲಗೆಯಲ್ಲೂ ಉಳಿಯದಂತೆ ನೋಡಿಕೊಳ್ಳಿ. ಇದಕ್ಕೂ ಕಾರಣ ಇದೆ. ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಪೂರ್ತಿ ಒಣಗಿಸಿದರೆ ಉದ್ದಕ್ಕೆ ಕುಗ್ಗುವುದು ಬರೀ ಶೇ. 0.1–0.2. ತಿರುಳಿನಿಂದ ತೊಗಟೆಯ ಕಡೆಗೆ ಸಾಮಾನ್ಯವಾಗಿ ಶೇ. 3–5. ಮರದ ಬೆಳವಣಿಗೆಯ ಉಂಗುರಗಳ ಗುಂಟ ಸುತ್ತಲೂ ಶೇ. 6–10. ತೇಗಕ್ಕೆ ಅಷ್ಟು ಒಳ್ಳೆಯ ಹೆಸರು ಇರುವುದಕ್ಕೆ ಒಂದು ಕಾರಣ ಇದೇ. ಅದು ಉಂಗುರದ ಗುಂಟ ಶೇ. 5ರ ಆಸುಪಾಸು, ತಿರುಳಿನಿಂದ ತೊಗಟೆಯ ಕಡೆಗೆ 2.5ರಷ್ಟು ಮಾತ್ರ ಕುಗ್ಗುತ್ತದೆ.

ಈ ಎರಡು ಅಂಕಿಗಳ ವ್ಯತ್ಯಾಸವನ್ನು ಗಮನಿಸಿ. ಸುತ್ತಳತೆ ಜಾಸ್ತಿ ಕುಗ್ಗಬೇಕು, ನಡುವಿನಿಂದ ಅಂಚಿಗೆ ಇರುವ ದೂರ ಅಷ್ಟು ಕುಗ್ಗುವುದಿಲ್ಲ. ದೊಡ್ಡ ಚಕ್ರಕ್ಕೆ ಸಣ್ಣ ಪಟ್ಟಿ ಬಿಗಿದ ಹಾಗೆ. ಪಟ್ಟಿ ಎಲ್ಲೋ ಒಂದು ಕಡೆ ಹರಿಯಲೇಬೇಕು. ಅದಕ್ಕೇ ತಿರುಳನ್ನು ಒಳಗಿಟ್ಟುಕೊಂಡ ಕಂಬ ಎಷ್ಟು ಜೋಪಾನ ಮಾಡಿದರೂ ಒಂದು ಸೀಳು ಬಿಡುತ್ತದೆ. ಹಲಗೆ ಬಟ್ಟಲಿನಂತೆ ಬಾಗುವುದೂ ಇದೇ ಕಾರಣಕ್ಕೆ. ಒಣಗುವಾಗ ಉಂಗುರಗಳು ನೆಟ್ಟಗಾಗಲು ನೋಡುತ್ತವೆ, ಆದ್ದರಿಂದ ತೊಗಟೆಯ ಕಡೆಯ ಮೈ ತಗ್ಗಾಗುತ್ತದೆ. ಹಲಗೆಯ ತುದಿಯಲ್ಲಿ ಉಂಗುರಗಳು ನೆಟ್ಟಗೆ ನಿಂತಂತೆ ಕಾಣುವ ಸೀಳು ತುಂಬಾ ಕಡಿಮೆ ಬಾಗುತ್ತದೆ. ಹಾಗೆ ಸೀಳಿದರೆ ಮರ ಸ್ವಲ್ಪ ಜಾಸ್ತಿ ವ್ಯರ್ಥವಾಗುತ್ತದೆ, ಒಣಗಲೂ ತುಸು ನಿಧಾನ. ಆದರೆ ಮೇಜಿನ ಮೇಲುಹಲಗೆಗೆ ಅದೇ ಸರಿ. ಸೀಳಿಸುವ ಒಂದೂವರೆ ಇಂಚು ಕುಗ್ಗಿ, ತೋಪಡ ಹೊಡೆದ ಮೇಲೆ ಒಂದೂಕಾಲು ಇಂಚು ಉಳಿಯುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಇನ್ನು ಅಟ್ಟಿ ಹಾಕುವುದು. ಹಲಗೆಯ ಭವಿಷ್ಯ ತೀರ್ಮಾನವಾಗುವುದು ಇಲ್ಲೇ. ನೆರಳಿರುವ, ಗಾಳಿ ಆಡುವ ಜಾಗ ಬೇಕು. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಇಟ್ಟಿಗೆ ಇಲ್ಲವೇ ಸಿಮೆಂಟ್ ಬ್ಲಾಕ್ ಜೋಡಿಸಿ, ಮೇಲೆ ಅಡ್ಡ ತೊಲೆಗಳನ್ನಿಟ್ಟು ಮಟ್ಟ ನೋಡಿ. ಮಟ್ಟ ತಪ್ಪಿದ ಅಡಿಪಾಯದ ಮೇಲೆ ಹಲಗೆ ಒಣಗಿದರೆ ಆ ಸೊಟ್ಟ ಹಲಗೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಒಂದೊಂದು ಸಾಲು ಹಲಗೆಯ ನಡುವೆ ಒಂದಿಂಚು ಚೌಕದ ಒಣ ರೀಪುಗಳನ್ನು ಅಡ್ಡಲಾಗಿ ಇಡಿ. ರೀಪುಗಳು ಒಣಗಿರಲೇಬೇಕು, ಹಸಿ ರೀಪು ಹಲಗೆಯ ಮೇಲೆ ಕಪ್ಪು ಪಟ್ಟೆ ಬಿಡುತ್ತದೆ, ಆ ಕಲೆ ಎಷ್ಟು ಕೆತ್ತಿದರೂ ಹೋಗುವುದಿಲ್ಲ. ಎಲ್ಲ ರೀಪುಗಳ ದಪ್ಪ ಒಂದೇ ಇರಲಿ. ನಿಮ್ಮ ದಪ್ಪದ ಹಲಗೆಗೆ ಒಂದೂವರೆಯಿಂದ ಎರಡು ಅಡಿಗೊಂದು ರೀಪು ಸಾಕು, ಎರಡು ತುದಿಗಳಲ್ಲಿ ಮಾತ್ರ ಅಂಚಿಗೆ ಸಮನಾಗಿ ಒಂದೊಂದು ಇರಬೇಕು. ಮೇಲಿನ ಸಾಲಿನ ರೀಪು ಕೆಳಗಿನ ಸಾಲಿನ ರೀಪಿನ ನೇರಕ್ಕೇ ಬರಬೇಕು. ದೂರದಿಂದ ನೋಡಿದರೆ ರೀಪುಗಳು ಕಂಬದ ಹಾಗೆ ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿ ಕಾಣಬೇಕು. ಅತ್ತಿತ್ತ ಸರಿದಿದ್ದರೆ ಮೇಲಿನ ಭಾರ ಹಲಗೆಯನ್ನು ಅಲೆಯಂತೆ ಬಗ್ಗಿಸುತ್ತದೆ.

ಪಕ್ಕಪಕ್ಕದ ಹಲಗೆಗಳ ನಡುವೆಯೂ ಒಂದಿಂಚು ಸಂದು ಬಿಡಿ. ಎಲ್ಲಕ್ಕಿಂತ ಮೇಲೆ ಕಲ್ಲು, ಬ್ಲಾಕ್ ಏನಾದರೂ ಭಾರ ಹೇರಿ. ಅದರ ಮೇಲೆ ಶೀಟ್ ಹೊದಿಸಿ, ನಾಲ್ಕೂ ಕಡೆ ಒಂದಡಿ ಹೊರಚಾಚಲಿ. ಸುತ್ತಲೂ ಪ್ಲಾಸ್ಟಿಕ್ ಸುತ್ತಿ ಮುಚ್ಚಬೇಡಿ. ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಒಣ ಬಿಸಿಗಾಳಿ ಬೀಸುವ ದಿನಗಳಲ್ಲಿ, ಅದರಲ್ಲೂ ಮೊದಲ ಒಂದೂವರೆ ತಿಂಗಳು, ಗಾಳಿ ಬರುವ ಕಡೆಗೆ ಗೋಣಿತಾಟು ಇಳಿಬಿಡಿ. ಮೇಲ್ಮೈ ಬಿರುಕು ಬಹಳಷ್ಟು ಬರುವುದು ಈ ಮೊದಲ ದಿನಗಳಲ್ಲೇ.

ಹೀಗೆ ಎಷ್ಟು ದಿನ? ‘ಇಂಚಿಗೆ ಒಂದು ವರ್ಷ’ ಅನ್ನುವ ಮಾತು ಎಲ್ಲ ಕಡೆ ಚಾಲ್ತಿಯಲ್ಲಿದೆ. ನಿಮ್ಮ ಬಡಗಿ ಹೇಳಿದ್ದೂ ಅದೇ ಲೆಕ್ಕ. ಅವರ ಎಚ್ಚರಿಕೆ ನನಗೆ ಇಷ್ಟ, ಆದರೆ ಲೆಕ್ಕ ಒರಟು. ಮೆದು ಮರದ ಒಂದಿಂಚಿನ ಹಲಗೆ ಒಳ್ಳೆಯ ಹವೆಯಲ್ಲಿ ಎರಡು ಮೂರು ತಿಂಗಳಿಗೇ ಶೇ. 20ಕ್ಕೆ ಬರಬಹುದು. ಗಟ್ಟಿ ಮರದ ಮೂರಿಂಚಿನ ತೊಲೆ ಮೂರು ವರ್ಷಕ್ಕೂ ಒಳಗೆ ಹಸಿಯಾಗಿರಬಹುದು. ದಪ್ಪ ಎರಡು ಪಟ್ಟಾದರೆ ಸಮಯ ಎರಡು ಪಟ್ಟಲ್ಲ, ಸುಮಾರು ಮೂರು ಪಟ್ಟಾಗುತ್ತದೆ. ಆದ್ದರಿಂದ ಕ್ಯಾಲೆಂಡರ್ ಬಿಡಿ, ತಕ್ಕಡಿ ಹಿಡಿಯಿರಿ.

ಇದನ್ನು ನೀವು ಮನೆಯಲ್ಲೇ ಮಾಡಬಹುದು. ಸೀಳಿಸಿದ ದಿನ ಒಂದು ಹಲಗೆಯ ತುದಿಯಿಂದ ಒಂದಡಿ ಬಿಟ್ಟು, ಅಲ್ಲಿಂದ ಒಂದಿಂಚು ಅಗಲದ ಅಡ್ಡ ತುಂಡು ತೆಗೆಯಿರಿ. ತಕ್ಷಣ ತೂಗಿ ಬರೆದಿಡಿ. 180 ಗ್ರಾಂ ಇತ್ತು ಅಂತಿಟ್ಟುಕೊಳ್ಳಿ. ಆಮೇಲೆ ಅದನ್ನು ಓವನ್‌ನಲ್ಲಿ 103 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಟ್ಟು, ಆಗಾಗ ತೂಗುತ್ತಾ, ತೂಕ ಇನ್ನು ಇಳಿಯುವುದಿಲ್ಲ ಅನ್ನುವ ತನಕ ಒಣಗಿಸಿ. 100 ಗ್ರಾಂಗೆ ನಿಂತಿತು ಅನ್ನಿ. ಹೋದ ನೀರು 80, ಒಣ ಮರ 100. ಅಂದರೆ ತೇವಾಂಶ ಶೇ. 80.

ಈಗ ಉಳಿದ ಹಲಗೆಯನ್ನು ತೂಗಿ, ತುದಿ ಬಳಿದು, ಅಟ್ಟಿಯಲ್ಲಿ ಕೈಗೆ ಸಿಗುವ ಕಡೆ ಇಡಿ. ಅದು 27 ಕಿಲೋ ಇದ್ದರೆ ಅದರಲ್ಲಿ ಒಣ ಮರ 27 ಭಾಗಿಸು 1.8, ಅಂದರೆ 15 ಕಿಲೋ. ನಿಮಗೆ ಶೇ. 12 ಬೇಕಿದ್ದರೆ ಆ ಹಲಗೆ 16.8 ಕಿಲೋಗೆ ಇಳಿಯಬೇಕು. ಆ ಅಂಕಿಯನ್ನು ಸೀಮೆಸುಣ್ಣದಲ್ಲಿ ಹಲಗೆಯ ಮೇಲೇ ಬರೆದುಬಿಡಿ. ಒಂದೇ ಹಲಗೆಯಿಂದ ಹತ್ತು ಲೀಟರ್ ನೀರು ಸದ್ದಿಲ್ಲದೆ ಹೊರಗೆ ಹೋಗಬೇಕು. ಇದನ್ನು ನೋಡಿದ ಮೇಲೆ ಅವಸರ ಯಾಕೆ ಕೂಡದು ಅಂತ ಬೇರೆ ಹೇಳಬೇಕಿಲ್ಲ. ಹದಿನೈದು ದಿನಕ್ಕೊಮ್ಮೆ ತೂಗಿ. ಮೊದಮೊದಲು ತೂಕ ಸರಸರ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ.

ಪಿನ್ ಚುಚ್ಚುವ ಮಾಯಿಶ್ಚರ್ ಮೀಟರ್ ಇದ್ದರೆ ಕೆಲಸ ಸಲೀಸು. ಆದರೆ ಅದು ಸರಿಯಾಗಿ ಹೇಳುವುದು ಸುಮಾರು ಶೇ. 7ರಿಂದ 25ರ ತನಕ. ಅದಕ್ಕಿಂತ ಹಸಿ ಮರದಲ್ಲಿ ಅದು ತೋರಿಸುವ ಅಂಕಿಯನ್ನು ನಂಬಬೇಡಿ. ಮೇಲ್ಮೈಗೆ ಚುಚ್ಚಿದರೆ ಮೇಲ್ಮೈಯ ಕತೆ ಮಾತ್ರ ಗೊತ್ತಾಗುತ್ತದೆ. ಹೊಸದಾಗಿ ಅಡ್ಡ ಕತ್ತರಿಸಿದ ಜಾಗದಲ್ಲಿ, ದಪ್ಪದ ನಡುವಿಗೆ ಚುಚ್ಚಿ ನೋಡಿ.

ಈ ಶೇ. 12 ಎಲ್ಲಿಂದ ಬಂತು? ಮರ ತಾನಿರುವ ಕೋಣೆಯ ಗಾಳಿಯ ಜೊತೆ ಒಂದು ಒಪ್ಪಂದಕ್ಕೆ ಬರುತ್ತದೆ. ಗಾಳಿಯ ತೇವ ಶೇ. 65 ಇದ್ದರೆ ಮರ ಸುಮಾರು 12ಕ್ಕೆ ನಿಲ್ಲುತ್ತದೆ. 80 ಇದ್ದರೆ 16ರ ಹತ್ತಿರ. ಸದಾ ಏಸಿ ಓಡುವ, ಶೇ. 40–45 ತೇವದ ಕೋಣೆಯಲ್ಲಿ 8ರ ಆಸುಪಾಸು. ಬಯಲಿನ ಅಟ್ಟಿಯಲ್ಲಿ ಹಲಗೆ ಎಷ್ಟು ವರ್ಷ ಇದ್ದರೂ ಆ ಬಯಲಿನ ಗಾಳಿ ಬಿಡುವುದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹತ್ತು ವರ್ಷ ಶೆಡ್‌ನಲ್ಲಿದ್ದ ಮರದ ಮೇಜು ಏಸಿ ಕೋಣೆಗೆ ಹೋದ ಮೇಲೆ ಬಿರಿಯುವುದು ಇದಕ್ಕೇ. ‘ಹಳೆಯ ಮರ’ ಅಂದ ಮಾತ್ರಕ್ಕೆ ‘ಒಣಗಿದ ಮರ’ ಅಲ್ಲ.

ಕಿಲ್ನ್ ಬೇಕಾಗುವುದು ಇಲ್ಲೇ. ಕಿಲ್ನ್ ಅಂದರೆ ಬರೀ ಬಿಸಿ ಕೋಣೆ ಅಲ್ಲ. ಅಲ್ಲಿ ಶಾಖ, ಗಾಳಿಯ ಓಟ, ಗಾಳಿಯ ತೇವ ಮೂರನ್ನೂ ಹಿಡಿತದಲ್ಲಿ ಇಡುತ್ತಾರೆ. ಗಟ್ಟಿ ಮರಕ್ಕೆ ಮೊದಲು 45–50 ಡಿಗ್ರಿ ಶಾಖ, ಜೊತೆಗೆ ಶೇ. 80ಕ್ಕೂ ಮೇಲೆ ತೇವ ಕೊಡುತ್ತಾರೆ. ಒಣಗಿಸುವ ಕೋಣೆಗೆ ಹಬೆ ಯಾಕೆ ಬಿಡುತ್ತಾರೆ ಅಂತ ಅನೇಕರು ಕೇಳುತ್ತಾರೆ. ಹೊರಮೈ ಮುಂದೆ ಓಡದಿರಲಿ ಅಂತಲೇ. ತೇವಾಂಶ ಇಳಿದ ಹಾಗೆ ಶಾಖವನ್ನು ಮೆಲ್ಲಗೆ 60–70ಕ್ಕೆ ಏರಿಸಿ, ಗಾಳಿಯ ತೇವ ತಗ್ಗಿಸುತ್ತಾರೆ. ಕಿಲ್ನ್‌ನಿಂದ ಇನ್ನೊಂದು ಲಾಭ, ಒಳಗಿನ ಹುಳು, ಮೊಟ್ಟೆ ಎಲ್ಲ ಸಾಯುತ್ತವೆ. ದೇಶದಿಂದ ದೇಶಕ್ಕೆ ಹೋಗುವ ಮರದ ಪೆಟ್ಟಿಗೆಗಳಿಗೆ ನಿಯಮವೇ ಇದೆ: ಮರದ ನಡುಭಾಗ ಕನಿಷ್ಠ 30 ನಿಮಿಷ 56 ಡಿಗ್ರಿಯಲ್ಲಿ ಇರಬೇಕು. ಗಾಳಿಗೆ ಒಣಗಿಸಿದರೆ ಇದು ಆಗುವುದಿಲ್ಲ.

ಹಾಗಾದರೆ ‘ಹತ್ತೇ ದಿನ’ ಸರಿಯೇ? ಹಸಿಯಾಗಿರುವ ಒಂದೂವರೆ ಇಂಚಿನ ಗಟ್ಟಿ ಮರಕ್ಕೆ ಸರಿಯಲ್ಲ. ಒಂದಿಂಚಿನ ಗಟ್ಟಿ ಹಲಗೆಗೇ ಹಸಿಯಿಂದ ಶುರು ಮಾಡಿದರೆ ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ. ಅವಸರ ಮಾಡಿದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಒಂದು ಸಾಮಿಲ್‌ನಿಂದ ಕಿಲ್ನ್‌ನಲ್ಲಿ ಒಣಗಿಸಿದ ಎರಡಿಂಚಿನ ಹಲಗೆ ತಂದೆ. ಮೀಟರ್ 11 ತೋರಿಸಿತು. ನೋಡಲು ಚೆಂದ, ಒಂದು ಗೆರೆ ಬಿರುಕಿಲ್ಲ. ಅದನ್ನು ದಪ್ಪದಲ್ಲಿ ಎರಡು ಮಾಡೋಣ ಅಂತ ಗರಗಸಕ್ಕೆ ಕೊಟ್ಟೆ. ಒಂದಡಿ ಸೀಳುವಷ್ಟರಲ್ಲಿ ಎರಡು ಹೋಳುಗಳೂ ಒಳಮುಖವಾಗಿ ಬಾಗಿ ಗರಗಸದ ಅಲಗನ್ನು ಕಚ್ಚಿಕೊಂಡವು. ಮೋಟಾರ್ ನರಳಿ ನಿಂತಿತು, ಸುಟ್ಟ ವಾಸನೆ ಬಂತು. ಹಲಗೆ ಬಿಡಿಸಿ ನೋಡಿದರೆ ಒಳಮೈ ತಗ್ಗು, ಹೊರಮೈ ಉಬ್ಬು. ಎರಡೂ ಹೋಳು ಬಿಲ್ಲಿನ ಹಾಗೆ.

ಆಗಿದ್ದು ಇಷ್ಟು. ಬೇಗ ಒಣಗಿದ ಹೊರಪದರ ಕುಗ್ಗಲು ಹೋಯಿತು, ಹಸಿಯಾಗಿದ್ದ ಒಳಗಿನ ಮರ ಬಿಡಲಿಲ್ಲ. ಹೊರಪದರ ಹಿಗ್ಗಿದ ಅಳತೆಯಲ್ಲೇ ಗಟ್ಟಿಯಾಗಿಬಿಟ್ಟಿತು. ಆಮೇಲೆ ಒಳಗಿನದು ಒಣಗಿ ಕುಗ್ಗಲು ಹೊರಟಾಗ ಹೊರಗಿನ ಚಿಪ್ಪು ಅದನ್ನು ತಡೆಯಿತು. ಆ ಜಗ್ಗಾಟವೆಲ್ಲ ಹಲಗೆಯೊಳಗೇ ಬಂಧಿಯಾಗಿತ್ತು, ಗರಗಸ ಅದನ್ನು ಬಿಡಿಸಿತು. ಜಗ್ಗಾಟ ಇನ್ನೂ ಜೋರಾಗಿದ್ದರೆ ಒಳಗೇ ಜೇನುಗೂಡಿನಂತೆ ಬಿರುಕು ಬೀಳುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ. ಒಳ್ಳೆಯ ಕಿಲ್ನ್‌ನವರು ಕೊನೆಯಲ್ಲಿ ಹಲಗೆಗೆ ಬಿಸಿ ಹಬೆ ಕೊಟ್ಟು ಈ ಬಿಗಿ ಸಡಿಲಿಸುತ್ತಾರೆ. ಅದಕ್ಕೆ ಒಂದು ದಿನ ಬೇಕು. ಅವಸರದವರು ಮೊದಲು ಕೈಬಿಡುವುದು ಆ ದಿನವನ್ನೇ.

ಹಲಗೆ ತರುವ ಮೊದಲು ಪರೀಕ್ಷೆ ಮಾಡಬಹುದು. ತುದಿಯಿಂದ ಒಂದಡಿ ಒಳಗೆ ಒಂದಿಂಚು ಅಗಲದ ಅಡ್ಡ ತುಂಡು ಕತ್ತರಿಸಿ. ಅದರ ದಪ್ಪದ ನಡುಭಾಗವನ್ನು ಗರಗಸದಿಂದ ತೆಗೆದು, ಇಕ್ಕಳದ ಹಾಗೆ ಎರಡು ಕಾಲು ಉಳಿಸಿ. ಕಾಲುಗಳು ನೆಟ್ಟಗೆ ನಿಂತರೆ ಹಲಗೆ ಒಳ್ಳೆಯದು. ಒಳಕ್ಕೆ ಬಾಗಿ ಒಂದಕ್ಕೊಂದು ತಾಗಿದರೆ ಆ ಹಲಗೆ ಬೇಡ. ಒಂದು ದಿನ ಬಿಟ್ಟು ಮತ್ತೆ ನೋಡಿ, ಕೆಲವು ತಡವಾಗಿ ಬಾಗುತ್ತವೆ.

ನಿಮಗೆ ನನ್ನ ಸಲಹೆ ಎರಡನ್ನೂ ಸೇರಿಸಿ ಮಾಡುವುದು. ಮೊದಲು ಅಟ್ಟಿಯಲ್ಲಿ ಶೇ. 20–25ಕ್ಕೆ ಬರುವ ತನಕ ಗಾಳಿಗೆ ಒಣಗಿಸಿ. ಅಪಾಯದ ಮೊದಲ ಘಟ್ಟ ನಿಧಾನವಾಗಿ ದಾಟಿಹೋಗುತ್ತದೆ. ಆಮೇಲೆ ಕಿಲ್ನ್‌ಗೆ ಕೊಟ್ಟರೆ ಹತ್ತು ಹದಿನೈದು ದಿನದ ಮಾತು ನಿಜವಾಗುತ್ತದೆ. ಎಷ್ಟು ದಿನ ಅಂತ ಕೇಳುವುದಕ್ಕಿಂತ, ನಡುವೆ ಮಾದರಿ ಹಲಗೆ ತೂಗುತ್ತೀರಾ, ಕೊನೆಗೆ ಹಬೆ ಕೊಡುತ್ತೀರಾ ಅಂತ ಸಾಮಿಲ್‌ನವರನ್ನು ಕೇಳಿ.

ಮಾವನವರ ಮಾತಿಗೂ ಆಧಾರ ಇದೆ. ಮುಳುಗಿಸಿಟ್ಟರೆ ಮರ ಒಣಗುವುದಿಲ್ಲ, ಅದು ಬೇರೆಯೇ ಕೆಲಸ. ಹರಿಯುವ ನೀರಿನಲ್ಲಿ ಎರಡರಿಂದ ನಾಲ್ಕು ವಾರ ಪೂರ್ತಿ ಮುಳುಗಿದ್ದರೆ ಮರದ ರಸದಲ್ಲಿರುವ ಸಕ್ಕರೆ, ಪಿಷ್ಟ ಸ್ವಲ್ಪ ತೊಳೆದುಹೋಗುತ್ತದೆ. ಹುಡಿ ಉದುರಿಸುವ ಕುಟ್ಟೆ ಹುಳುವಿಗೆ ಬಿಳಿ ಮರದ ಪಿಷ್ಟವೇ ಆಹಾರ. ಆದ್ದರಿಂದ ಅದರ ಕಾಟ ಕಡಿಮೆಯಾಗುತ್ತದೆ. ಬಿದಿರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಅರ್ಧ ಮುಳುಗಿಸುವುದು ಮಾತ್ರ ಕೂಡದು, ನೀರು ಗಾಳಿ ಎರಡೂ ತಾಗುವ ಗೆರೆಯಲ್ಲಿ ಮರ ಕೊಳೆಯುತ್ತದೆ. ನಿಮ್ಮ ಮೇಜಿಗೆ ಚೇಗು, ಅಂದರೆ ಒಳಗಿನ ಬಣ್ಣದ ಗಟ್ಟಿ ಮರ, ಮಾತ್ರ ಬಳಸಿ ಬಿಳಿ ಮರ ಕತ್ತರಿಸಿ ಹಾಕುವುದಾದರೆ ಈ ಕೆಲಸ ಬೇಕಿಲ್ಲ. ಬಿಳಿ ಮರವೂ ಬೇಕು ಅಂದರೆ ಹಸಿ ಇರುವಾಗಲೇ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣ ಹಚ್ಚಿಸಿ. ಒಳಗಿನ ನೀರೇ ಅದನ್ನು ಒಳಕ್ಕೆ ಒಯ್ಯುತ್ತದೆ. ಒಣಗಿದ ಮೇಲೆ ಹಚ್ಚಿದರೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಬೇರೆ ದಾರಿಗಳೂ ಇವೆ. ತೇಗವನ್ನು ನಿಂತಲ್ಲೇ ಒಣಗಿಸುವುದುಂಟು. ಬುಡದ ಸುತ್ತ ತೊಗಟೆ ಮತ್ತು ಬಿಳಿ ಮರವನ್ನು ಉಂಗುರದಂತೆ ಕಡಿದು ಎರಡು ಮೂರು ವರ್ಷ ಬಿಡುತ್ತಿದ್ದರು. ಬರ್ಮಾದ ಕಾಡುಗಳಲ್ಲಿ ದಿಮ್ಮಿಗಳು ನದಿಯಲ್ಲಿ ತೇಲಲಿ ಅಂತ ಹೀಗೆ ಮಾಡುತ್ತಿದ್ದರು. ಹಸಿ ತೇಗ ಸರಿಯಾಗಿ ತೇಲುವುದಿಲ್ಲ. ನಿರ್ವಾತ ಕಿಲ್ನ್‌ನಲ್ಲಿ ಗಾಳಿಯ ಒತ್ತಡವನ್ನು ಹತ್ತನೇ ಒಂದಕ್ಕೆ ಇಳಿಸುತ್ತಾರೆ, ಆಗ ನೀರು ಸುಮಾರು 46 ಡಿಗ್ರಿಗೇ ಕುದಿಯುತ್ತದೆ. ದಪ್ಪ ಮರಕ್ಕೆ ಚೆನ್ನ, ಖರ್ಚು ಜಾಸ್ತಿ. ಪಾಲಿಎಥಿಲೀನ್ ಗ್ಲೈಕಾಲ್ ಅನ್ನುವ ಮೇಣದಂಥ ವಸ್ತುವನ್ನು ಕೋಶದ ಗೋಡೆಗೆ ತುಂಬಿ, ಕುಗ್ಗುವುದನ್ನೇ ತಡೆಯುವ ವಿಧಾನವೂ ಇದೆ. 1628ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮುಳುಗಿದ ವಾಸಾ ಹಡಗನ್ನು 1961ರಲ್ಲಿ ಮೇಲೆತ್ತಿದ ಮೇಲೆ ಅದಕ್ಕೆ ಇದನ್ನೇ 17 ವರ್ಷ ಸಿಂಪಡಿಸಿದರು.

ಸೌರ ಕಿಲ್ನ್ ಬಗ್ಗೆ ನನಗೆ ವಿಶೇಷ ಪ್ರೀತಿ. ಪಾರದರ್ಶಕ ಮಾಡಿನ ಸಣ್ಣ ಗೂಡು, ಒಳಗೆ ಕಪ್ಪು ಬಳಿದ ತಗಡು, ಒಂದು ಫ್ಯಾನ್, ತೆರೆದು ಮುಚ್ಚುವ ಕಿಂಡಿ. ಇಷ್ಟೇ. ಹಗಲು ಒಣಗುತ್ತದೆ. ರಾತ್ರಿ ಒಳಗಿನ ಗಾಳಿ ತಣ್ಣಗಾಗಿ ತೇವ ಏರುತ್ತದೆ, ಹೊರಮೈ ತುಸು ಮೆತ್ತಗಾಗುತ್ತದೆ, ಒಳಗಿನ ನೀರು ಅಷ್ಟರಲ್ಲಿ ಹೊರಕ್ಕೆ ಸರಿಯುತ್ತದೆ. ಪ್ರತಿ ರಾತ್ರಿ ಮರಕ್ಕೆ ವಿಶ್ರಾಂತಿ ಸಿಕ್ಕಂತೆ. ಬರೀ ಗಾಳಿಗೆ ಒಣಗಿಸುವುದರ ಅರ್ಧ ಸಮಯ ಸಾಕಾಗುತ್ತದೆ. ನಿಮ್ಮಲ್ಲಿ ಇನ್ನಷ್ಟು ಮರ ಇದ್ದರೆ ಇದನ್ನು ಖಂಡಿತ ಯೋಚಿಸಿ.

ಹಲಗೆ 16.8 ಕಿಲೋಗೆ ಬಂದ ಮೇಲೂ ನೇರ ಬಡಗಿಗೆ ಕೊಡಬೇಡಿ. ಮೇಜು ಇರುವ ಕೋಣೆಯಲ್ಲೇ ರೀಪು ಕೊಟ್ಟು ಎರಡು ಮೂರು ವಾರ ಇಡಿ. ಬಡಗಿಗೆ ಎರಡು ಮಾತು ಹೇಳಿ. ಪಾಲಿಶ್ ಮೇಲೆ ಹಚ್ಚಿದಷ್ಟೇ ಕೈ ಅಡಿಗೂ ಹಚ್ಚಬೇಕು, ಇಲ್ಲದಿದ್ದರೆ ಒಂದು ಮೈ ಮಾತ್ರ ತೇವ ಕುಡಿದು ಹಲಗೆ ಬಾಗುತ್ತದೆ. ಎರಡನೆಯದು, ಮೇಲುಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಅಂಟು ಹಾಕಿ ಬಿಗಿಯಬಾರದು. ತೇವಾಂಶ 16ರಿಂದ 12ಕ್ಕೆ ಇಳಿದರೆ ಅಡ್ಡ ಸೀಳಿನ (ತುದಿಯಲ್ಲಿ ಉಂಗುರಗಳು ಮಲಗಿದಂತೆ ಕಾಣುವ) ಒಂದಡಿ ಅಗಲದ ಹಲಗೆ ಎರಡೂವರೆ ಮಿಲಿಮೀಟರ್‌ನಷ್ಟು ಕುಗ್ಗುತ್ತದೆ. ಮೂರಡಿ ಅಗಲದ ಮೇಜಿಗೆ ಅದು ಏಳೆಂಟು ಮಿಲಿಮೀಟರ್. ಸ್ಕ್ರೂ ಹೋಗುವ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದವಾಗಿ ಕೊರೆದು, ವಾಷರ್ ಹಾಕಿ ಬಿಗಿದರೆ ಹಲಗೆ ಅಷ್ಟು ಸರಿದಾಡಲು ಜಾಗ ಸಿಗುತ್ತದೆ.